ಹೊಟ್ಟೆಕಿಚ್ಚಿನ ಸೀಟಿ

ತ್ರಿಶಲಾಳ ಸೀಟಿ ಕೆಲಸ ಮಾಡಿತು ಎಂಬ ಸುದ್ದಿ ಹೊರಬಿದ್ದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅವಳ ಗಂಡ ಜಿನದತ್ತ ಉಪಾಧ್ಯೆ. ನಗಾರಿಗುಡ್ಡದ ಕಂಟ್ರೋಲ್ ರೂಮಿನಲ್ಲಿ ಆಗ ಹತ್ತು ಹದಿನೈದು ಜನ ಸೇರಿದ್ದರು. ಮ್ಯಾನೇಜರ್ ಪಟ್ಟಣಶೆಟ್ಟಿ ಪೇಢೆಯ ಡಬ್ಬಿ ತೆರೆದು ಮೊದಲ ಪೇಢೆಯನ್ನು ಜಿನದತ್ತನ ಕೈಗೇ ಕೊಟ್ಟರು. ಸೋತವನು ಇಷ್ಟು ಮನಸಾರೆ ಚಪ್ಪಾಳೆ ತಟ್ಟಿದ್ದನ್ನು ತಾವು ಎಲ್ಲೂ ಕಂಡಿಲ್ಲ ಎಂದು ಹೊಗಳಿದರು. ಜಿನದತ್ತ ನಕ್ಕ. 'ಸೋತವನು' ಎಂಬ ಮಾತು ಮಾತ್ರ ಪೇಢೆ ಕರಗಿದ ಮೇಲೂ ಬಾಯಲ್ಲಿ ಉಳಿಯಿತು.

ನಗಾರಿಗುಡ್ಡ ಗದಗದ ದಕ್ಷಿಣಕ್ಕೆ ಎಮ್ಮೆಯ ಬೆನ್ನಿನಂತೆ ಮಲಗಿರುವ ಗುಡ್ಡ. ಅದರ ಏಣಿನ ಉದ್ದಕ್ಕೂ ಎರಡು ಡಜನ್ ಗಾಳಿಯಂತ್ರಗಳು. ಸುತ್ತಲಿನ ಊರವರು ಅವನ್ನು ಫ್ಯಾನು ಎನ್ನುತ್ತಾರೆ. ಕಂಪನಿಯವರೂ ಈಗ ಹಾಗೇ ಅನ್ನುತ್ತಾರೆ. ಗುಡ್ಡದ ಬುಡದಲ್ಲಿ ಬ್ರಿಟಿಷರ ಕಾಲದ ಚಿನ್ನದ ಗಣಿಯ ಸುರಂಗವಿದೆ. ಚಿನ್ನ ಎಂದೋ ಮುಗಿದಿದೆ. ಅಲ್ಲೀಗ ಸಾವಿರಾರು ಬಾವಲಿಗಳು ತಲೆಕೆಳಗಾಗಿ ಜೋತು ಹಗಲು ಕಳೆಯುತ್ತವೆ. ಹೆಬ್ಬೆರಳಿನಷ್ಟು ಮೈ, ರೆಕ್ಕೆಯ ಪೊರೆಯಿಂದ ಹೊರಗೆ ಚಾಚಿದ ಬಾಲ, ಸುಕ್ಕುಗಟ್ಟಿದ ತುಟಿ. ಸೂರ್ಯ ಮುಳುಗಿದೊಡನೆ ಹೊಗೆಯಂತೆ ಹೊರಟು ಪತಂಗಗಳನ್ನು ಹುಡುಕುತ್ತ ಗುಡ್ಡದ ಮೇಲಕ್ಕೆ ಬರುತ್ತವೆ. ಫ್ಯಾನಿನ ರೆಕ್ಕೆ ನೋಡುವವರಿಗೆ ಸೋಮಾರಿಯಂತೆ ಕಂಡರೂ ಅದರ ತುದಿ ಒಳ್ಳೆಯ ಗಾಳಿಯಲ್ಲಿ ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ದಾಟುತ್ತದೆ. ಬಾವಲಿಗೆ ಅದು ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ. ಈ ಜಾತಿಯ ತಾಯಿ ಹಡೆಯುವುದು ವರ್ಷಕ್ಕೆ ಒಂದೇ ಮರಿ. ಹಾಗಾಗಿ ಸತ್ತದ್ದನ್ನು ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಹೊಸ ಹಾರುಜೀವಿ ಕಾಯ್ದೆ ಬಂದ ಮೇಲೆ ಕಂಪನಿಗಳಿಗೂ ಬಿಸಿ ಮುಟ್ಟಿತ್ತು. ಸಾವು ಮಿತಿ ದಾಟಿದರೆ ಆ ಗುಡ್ಡದ ಎಲ್ಲ ಫ್ಯಾನುಗಳೂ ಋತು ಮುಗಿಯುವವರೆಗೆ ರಾತ್ರಿ ನಿಲ್ಲಬೇಕು.

ಇದಕ್ಕೆ ಜಿನದತ್ತ ಕಂಡುಕೊಂಡಿದ್ದ ಉಪಾಯದ ಹೆಸರು ಕಿವಿ. ಪ್ರತಿ ಫ್ಯಾನಿನ ಕಂಬದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಮೈಕು. ಮನುಷ್ಯರ ಕಿವಿಗೆ ನಿಲುಕದ ಬಾವಲಿಯ ದನಿ ಅವಕ್ಕೆ ಕೇಳುತ್ತದೆ. ಕೇಳಿದೊಡನೆ ರೆಕ್ಕೆಗಳು ಗಾಳಿಗೆ ಅಂಚು ಕೊಟ್ಟು ತಿರುಗಿಕೊಳ್ಳುತ್ತವೆ. ಅರ್ಧ ನಿಮಿಷದಲ್ಲಿ ಫ್ಯಾನು ನಿಲ್ಲುತ್ತದೆ. ಹುಳ ಹುಡುಕುತ್ತ ಅಡ್ಡಾಡುವ ಬಾವಲಿಗೆ ಅಷ್ಟು ಹೊತ್ತು ಸಾಕು. ಎಂಟು ವರ್ಷದ ದುಡಿಮೆ ಅದು. ಸಾವು ಅರ್ಧಕ್ಕಿಂತ ಕೆಳಗಿಳಿದಿತ್ತು. ಆದರೆ ಫ್ಯಾನು ಆಗಾಗ ನಿಲ್ಲುತ್ತಿದ್ದರಿಂದ ಕಂಪನಿ ಗೊಣಗುತ್ತಿತ್ತು.

ತ್ರಿಶಲಾ ವನ್ಯಜೀವಿ ವಿಜ್ಞಾನಿ. ಅವಳು ಫ್ಯಾನಿನ ಕಡೆ ತಲೆಯೆತ್ತಿ ನೋಡುವುದಕ್ಕಿಂತ ಗಣಿಯ ಬಾಯಲ್ಲಿ ಕೂತದ್ದೇ ಹೆಚ್ಚು. ಅಲ್ಲಿ ಅವಳಿಗೊಂದು ವಿಚಿತ್ರ ದನಿ ಸಿಕ್ಕಿತು. ಒಂದು ಬಾವಲಿ ಪತಂಗದ ಬೆನ್ನು ಹತ್ತಿ ಇನ್ನೇನು ಹಿಡಿಯಬೇಕು, ಆಗ ಪಕ್ಕದ ಬಾವಲಿ ನಡುಗುವ ಕೂಗೊಂದನ್ನು ಎಸೆಯುತ್ತದೆ. ಆ ಕೂಗು ಮೊದಲನೆಯದರ ಪ್ರತಿಧ್ವನಿಗೆ ಅಡ್ಡ ಬಂದು ಎಲ್ಲ ಕಲಸಿಹೋಗುತ್ತದೆ. ಪತಂಗ ತಪ್ಪಿಸಿಕೊಳ್ಳುತ್ತದೆ. ಬೇರೆ ಖಂಡದ ಬಾವಲಿಗಳಲ್ಲಿ ಈ ಬುದ್ಧಿ ಇರುವುದನ್ನು ಅವಳು ಓದಿದ್ದಳು. ನಮ್ಮವೂ ಏನು ಕಮ್ಮಿಯಿಲ್ಲ ಎಂದು ತೋರಿಸಿದವಳು ಅವಳು. ವರದಿಯಲ್ಲಿ ಆ ಕೂಗಿಗೆ ಒಂದು ಒಣ ಶಾಸ್ತ್ರೀಯ ಹೆಸರಿತ್ತು. ಬೆಳಿಗ್ಗೆ ಫ್ಯಾನುಗಳ ಬುಡದಲ್ಲಿ ಸತ್ತ ಬಾವಲಿ ಆರಿಸುವ ಫಕೀರವ್ವ ವಿವರಣೆಯನ್ನೆಲ್ಲ ಕೇಳಿ, ಇಷ್ಟುದ್ದ ಯಾಕ್ರಿ ಬಾಯಾರ, ಹೊಟ್ಟಿಕಿಚ್ಚು ಅಂದ್ರ ಮುಗೀತಲ್ಲ ಎಂದಳು. ಅದೇ ಹೆಸರು ಉಳಿಯಿತು.

ಆ ಕೂಗನ್ನು ತ್ರಿಶಲಾ ಕಡ್ಡಿಪೆಟ್ಟಿಗೆಯಷ್ಟು ಚಿಕ್ಕ ಸ್ಪೀಕರಿನಲ್ಲಿ ತುಂಬಿ ರೆಕ್ಕೆಯ ತುದಿಗೇ ಕೂರಿಸಿದಳು; ಅದೇ ಸೀಟಿ. ಕಂಬದ ಮೇಲಿಟ್ಟರೆ ತುದಿಯವರೆಗೆ ಮುಟ್ಟುವುದಿಲ್ಲ, ಅಷ್ಟು ಸಣ್ಣ ದನಿ ಗಾಳಿಯಲ್ಲಿ ಬೇಗ ಸತ್ತುಹೋಗುತ್ತದೆ. ಹತ್ತಿರ ಬಂದ ಬಾವಲಿಗೆ ಇಲ್ಲಿ ಯಾರೋ ತನ್ನ ಬೇಟೆ ಕೆಡಿಸುತ್ತಿದ್ದಾರೆ ಅನಿಸಬೇಕು, ಅದು ದೂರ ಹೋಗಬೇಕು. ಫ್ಯಾನು ನಿಲ್ಲಿಸುವ ಮಾತೇ ಇಲ್ಲ. 'ಬಾವಲಿಗೊಂದು ಬೆದರುಬೊಂಬೆ' ಎಂದು ಪತ್ರಿಕೆಯವರು ದೊಡ್ಡ ಅಕ್ಷರದಲ್ಲಿ ಬರೆದರು.

ಯಾವುದು ಮೇಲು ಎಂದು ನೋಡಲು ಒಂದು ಋತುವಿನ ಪರೀಕ್ಷೆ ನಡೆಯಿತು. ಒಂದು ಬಿಟ್ಟು ಒಂದು ಫ್ಯಾನು: ಬೆಸ ಸಂಖ್ಯೆಯವಕ್ಕೆ ಸೀಟಿ, ಸಮ ಸಂಖ್ಯೆಯವಕ್ಕೆ ಕಿವಿ. ಹೀಗೆ ಹಂಚಬೇಕೆಂದು ಹೇಳಿದವನು ಜಿನದತ್ತನೇ. ಗಾಳಿಯೂ ಪತಂಗವೂ ಇಬ್ಬರಿಗೂ ಒಂದೇ ಆಗಿರಲಿ, ನಾಳೆ ಯಾರೂ ಯಾರ ಮೇಲೂ ಬೆರಳು ತೋರಿಸಬಾರದು ಎಂಬುದು ಅವನ ಲೆಕ್ಕ. ಋತುವಿನ ನಡುವಿಗೇ ಫಲ ಕಾಣತೊಡಗಿತು. ಸೀಟಿಯ ಫ್ಯಾನುಗಳ ಬುಡದಲ್ಲಿ ಸತ್ತ ಬಾವಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಹೆಂಡತಿ ಸೋಲುತ್ತಿದ್ದಾಗ ಜಿನದತ್ತನಷ್ಟು ಒಳ್ಳೆಯ ಗಂಡ ಬೇರೊಬ್ಬನಿರಲಿಲ್ಲ. ಅವಳ ಮೊದಲ ಸ್ಪೀಕರುಗಳು ಮಳೆಗೆ ಕೆಟ್ಟಾಗ ತಾನೇ ಬೆಸುಗೆ ಹಾಕಿ ಕೊಟ್ಟಿದ್ದ. ಗಣಿಯ ಬಾಯಿಗೆ ಅವಳ ಸಾಮಾನು ಹೊತ್ತಿದ್ದ. ಅವಳು ಗೆಲ್ಲತೊಡಗಿದ ಮೇಲೆ ಬೇರೆಯೇ ಒಬ್ಬ ಮನುಷ್ಯ ಅವನೊಳಗೆ ಬಂದು ಕೂತ. ಮನೆಯ ಫೋನು ಎತ್ತಿದರೆ ಆ ಕಡೆಯವರು ತ್ರಿಶಲಾ ಮೇಡಂ ಮನೆಯವರೇನ್ರಿ ಎಂದು ಕೇಳುತ್ತಿದ್ದರು. ಫೋಟೋ ತೆಗೆಯಲು ಬಂದವನೊಬ್ಬ, ಸರ್ ಸ್ವಲ್ಪ ಬಾಜೂಕ ಸರೀರಿ, ಫ್ಯಾನು ಮರೆಯಾಗ್ತೈತಿ ಎಂದಿದ್ದ. ಸರಿದು ನಿಂತ ಆ ಎರಡು ಹೆಜ್ಜೆ ಜಾಗ ಜಿನದತ್ತನಿಗೆ ಮರೆಯಲಿಲ್ಲ.

ಅವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಹಿರಿಯರಿಂದ ಬಂದ ಜೈನರ ರೂಢಿ. ಬಾವಲಿಗಳ ಹಿಂದೆ ಬಿದ್ದವರಿಗೆ ಅನುಕೂಲವೂ ಹೌದು, ಉಂಡು ಕೈ ತೊಳೆದರೆ ಗುಡ್ಡಕ್ಕೆ ಹೊರಡುವ ಹೊತ್ತು. ಆ ಸಂಜೆಗಳಲ್ಲಿ ತ್ರಿಶಲಾ ಅನ್ನ ಉಣ್ಣುತ್ತಲೇ ತನ್ನ ವರದಿ ಓದಿ ಹೇಳುತ್ತಿದ್ದಳು. ಧಾರವಾಡದಲ್ಲಿ ತಜ್ಞರ ಸಮಿತಿ ಕೂರುವುದಿತ್ತು. ಅದು ಒಪ್ಪಿದರೆ ರಾಜ್ಯದ ಎಲ್ಲ ಗುಡ್ಡಗಳ ಫ್ಯಾನುಗಳಿಗೂ ಸೀಟಿ ಕಡ್ಡಾಯವಾಗುತ್ತಿತ್ತು. ಜಿನದತ್ತ ಎಲ್ಲ ಕೇಳಿಸಿಕೊಂಡು ಒಂದು ಕಡೆ ದಶಮಾಂಶ ತಪ್ಪಿದೆ, ಇನ್ನೊಂದು ಕಡೆ ಅಕ್ಷರ ತಪ್ಪಿದೆ ಎನ್ನುತ್ತಿದ್ದ. ಅವಳು ಸಿಡುಕಿದ್ದರೆ ಸಮಾಧಾನವಾಗುತ್ತಿತ್ತೇನೋ. ಹೌದಲ್ಲ, ಛಲೋ ನೋಡಿದ್ರಿ ಎಂದು ತಿದ್ದಿಕೊಳ್ಳುತ್ತಿದ್ದಳು. ಅದೇ ಹೆಚ್ಚು ಉರಿಸುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಆಯಿತು. ಸಮ ಸಂಖ್ಯೆಯ ಫ್ಯಾನುಗಳ ಬುಡದಲ್ಲಿ ಸಾವು ಏರತೊಡಗಿತು. ಹಿಂದಿನ ವರ್ಷ ಇದೇ ಋತುವಿನಲ್ಲಿ, ಇವೇ ಕಿವಿಗಳು, ಇವೇ ಫ್ಯಾನುಗಳು; ಆಗಿನದಕ್ಕಿಂತ ಈಗ ದುಪ್ಪಟ್ಟು.

"ಸರ, ಬಾಯಾರ ಫ್ಯಾನಿನ ಬುಡಕ ಬರೇ ಹುಲ್ಲೈತಿ," ಎಂದಳು ಫಕೀರವ್ವ ಒಂದು ಬೆಳಿಗ್ಗೆ, ಬುಟ್ಟಿ ಇಳಿಸುತ್ತ. "ನಿಮ್ಮ ಕಿವ್ಯಾಗ ಗುಗ್ಗಿ ತುಂಬೇತೇನ ನೋಡ್ರಿ."

ಎಲ್ಲರೂ ನಕ್ಕರು, ಜಿನದತ್ತನೂ ನಕ್ಕ. ಆಮೇಲೆ ಒಂದೊಂದು ಕಂಬಕ್ಕೂ ಹೋಗಿ ಮೈಕುಗಳನ್ನು ತಾನೇ ಪರೀಕ್ಷಿಸಿದ. ದೋಷವಿರಲಿಲ್ಲ. ಬಾವಲಿಯ ದನಿ ಕೇಳಿದ ಕೂಡಲೇ ಫ್ಯಾನುಗಳು ನಿಲ್ಲಲು ಹೊರಟಿದ್ದವು. ಆದರೆ ನಿಲ್ಲುವಷ್ಟರಲ್ಲಿ ಬಾವಲಿ ಬಂದು ಬಡಿದಾಗಿತ್ತು. ಮೊದಲು ಅಡ್ಡಾಡುತ್ತ ಬರುತ್ತಿದ್ದವು ಈಗ ಅಟ್ಟಿಸಿಕೊಂಡು ಬಂದಂತೆ ನೆಟ್ಟಗೆ, ಜೋರಾಗಿ ಬರುತ್ತಿದ್ದವು. ಯಾರು ಅಟ್ಟಿದ್ದು? ಈ ಪ್ರಶ್ನೆ ಎದ್ದಾಗಲೇ ಅವನು ಅದರ ಬಾಯಿ ಮುಚ್ಚಿದ. ಅದಕ್ಕೆ ಸಿಗಬಹುದಾದ ಉತ್ತರ ಅವನಿಗೆ ತೀರ ಹಿತವಾಗಿತ್ತು. ಇಷ್ಟು ಹಿತವಾದ ಉತ್ತರ ಬುದ್ಧಿಯಿಂದ ಬಂದದ್ದಲ್ಲ, ಹೊಟ್ಟೆಯಿಂದ ಬಂದದ್ದು ಎಂದುಕೊಂಡ. ಊರೆಲ್ಲ ದೊಡ್ಡ ಮನಸ್ಸಿನವನೆಂದು ಹೊಗಳಿದ ಮೇಲೆ ಆ ಹೊಗಳಿಕೆಯನ್ನು ಕಳೆದುಕೊಳ್ಳುವ ಧೈರ್ಯವೂ ಇರಲಿಲ್ಲ.

ಧಾರವಾಡದ ಸಭೆಗೆ ಉಡಲು ಒಂದು ಸೀರೆ ಬೇಕೆಂದು ತ್ರಿಶಲಾ ಅವನನ್ನು ಗದಗದ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದಳು. ಗಾದಿಯ ಮೇಲೆ ಇಳಕಲ್ ಸೀರೆಗಳನ್ನು ಹರವಿದ್ದರು. ದಾಳಿಂಬೆ ಬಣ್ಣದ ಒಂದನ್ನು ಅವಳು ಎರಡು ಸಲ ಎತ್ತಿ ನೋಡಿ, ಬ್ಯಾಡ ಎಂದು ಬದಿಗಿಟ್ಟಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದರ ಸೆರಗಿನ ಮೇಲೆ ಕೈಯಿಟ್ಟಳು. ಕೊಳ್ಳುವ ಕೈಯಲ್ಲ, ಸುಮ್ಮನೆ ಇಟ್ಟದ್ದು. ಅದನ್ನು ಕಂಡು ತ್ರಿಶಲಾ ಸೀರೆಯ ಇನ್ನೊಂದು ತುದಿ ಹಿಡಿದು, ಅದು ನಾ ನೋಡಾಕತ್ತಿದ್ದು ಅಂದಳು. ಆ ಹೆಂಗಸು ಕೈ ತೆಗೆಯಲಿಲ್ಲ. ಇಬ್ಬರ ದನಿಯೂ ಸಣ್ಣಗೆ ಏರಿತು. ಅಂಗಡಿಯ ಆ ಮೂಲೆಯಲ್ಲಿದ್ದ ಮೂವರು ಕಿವಿ ನಿಮಿರಿಸಿ ಈ ಮೂಲೆಗೆ ಬಂದರು. ಯಾವ ಸೀರೆರೀ ಅದು, ನಮಗೂ ತೋರಸ್ರಿ ಎಂದರು. ಬಾಗಿಲಿನಿಂದ ಒಳಗೆ ಬಂದವರೂ ಗುಂಪು ಕಂಡು ಅಲ್ಲಿಗೇ ನಡೆದರು. ಗಾದಿಯ ತುಂಬ ಬೇರೆ ಸೀರೆಗಳು ಬಿದ್ದಿದ್ದವು. ಯಾರ ಕಣ್ಣೂ ಅವುಗಳ ಮೇಲಿರಲಿಲ್ಲ. ಹಿಂದಿನಿಂದ ಬಂದವರಿಗೆ ದಾಳಿಂಬೆಯದು ಕಂಡಿರಲೂ ಇಲ್ಲ. ಕೇಳಿದ್ದು ಜಗಳ ಮಾತ್ರ. ಜಗಳ ಇದೆ ಅಂದರೆ ಏನೋ ಒಳ್ಳೆಯ ಮಾಲು ಇರಲೇಬೇಕು.

ಜಿನದತ್ತ ಸ್ಟೂಲಿನ ಮೇಲಿಂದ ಎದ್ದು ನಿಂತ. ಗುಡ್ಡದಲ್ಲಿ ಸ್ವಲ್ಪ ಕೆಲಸವಿದೆ, ನೀನು ಆಟೋದಲ್ಲಿ ಬಾ ಎಂದು ಹೆಂಡತಿಗೆ ಹೇಳಿ ಹೊರಬಿದ್ದ.

ಕಂಟ್ರೋಲ್ ರೂಮಿನಲ್ಲಿ ಸಮ ಸಂಖ್ಯೆಯ ಫ್ಯಾನುಗಳ ಮೈಕು ಹಿಡಿದ ದನಿಗಳನ್ನೆಲ್ಲ ಋತುವಿನ ಮೊದಲಿನಿಂದ ತೆಗೆದು ನೋಡಿದ. ಪತಂಗ ಹಿಡಿಯುವ ಮುನ್ನ ಬಾವಲಿ ಮಾಡುವ ಗಡಿಬಿಡಿಯ ದನಿ ಅಲ್ಲೊಂದು ಇಲ್ಲೊಂದು ಇತ್ತು. ಅಂದರೆ ಅಲ್ಲಿ ಬೇಟೆ ಹೆಚ್ಚಿಲ್ಲ. ಆದರೆ ಹೊಟ್ಟೆಕಿಚ್ಚಿನ ಕೂಗು ವಾರದಿಂದ ವಾರಕ್ಕೆ ಬೆಳೆದಿತ್ತು. ಸೀಟಿಯ ಕೂಗಲ್ಲ ಅದು. ಸೀಟಿಯದು ಪ್ರತಿ ಸಲ ಅಚ್ಚು ಹೊಡೆದಂತೆ ಒಂದೇ ಥರ, ಇವು ಒಂದರ ಹಾಗೆ ಇನ್ನೊಂದಿಲ್ಲ. ಜೀವಂತ ಬಾವಲಿಗಳ ಕೂಗು. ಸೀಟಿಯೇ ಇಲ್ಲದ ಫ್ಯಾನಿನ ಸುತ್ತ, ಪತಂಗವೇ ಇಲ್ಲದ ಬರಿಗಾಳಿಯಲ್ಲಿ ಬಾವಲಿಗಳು ಒಂದರ ಮೇಲೊಂದು ಹೊಟ್ಟೆಕಿಚ್ಚು ಕಾರುತ್ತಿದ್ದವು. ನಾಲ್ಕು ಮೈಕುಗಳಲ್ಲಿ ಯಾವುದು ಮೊದಲು ಕೇಳಿತು ಎಂದು ನೋಡಿದರೆ ಅವು ಬಂದ ದಿಕ್ಕೂ ತಿಳಿಯುತ್ತಿತ್ತು. ಬಂದದ್ದು ಪಕ್ಕದ ಬೆಸ ಸಂಖ್ಯೆಯ ಫ್ಯಾನುಗಳ ಕಡೆಯಿಂದ.

ಈಗ ಚಿತ್ರ ಕಣ್ಣಿಗೆ ಕಟ್ಟಿತು. ಸೀಟಿ ಹತ್ತಿರ ಬಂದ ಬಾವಲಿಯನ್ನು ದೂಡುತ್ತದೆ, ನಿಜ. ದೂಡಿಸಿಕೊಂಡದ್ದು ಮನೆಗೆ ಹೋಗುವುದಿಲ್ಲ. ಇಷ್ಟು ಕಾಯುತ್ತಿದ್ದಾರೆ ಅಂದಮೇಲೆ ಏನೋ ಇದೆ ಎಂದು ಅಂಚಿನಲ್ಲೇ ಸುತ್ತುತ್ತ ತಾನೂ ಕೂಗುತ್ತದೆ. ಅದನ್ನು ಕೇಳಿ ಇನ್ನೊಂದು, ಅದನ್ನು ಕೇಳಿ ಮತ್ತೊಂದು. ಸೀಟಿಯ ದನಿ ದೂರ ಹೋಗದಿದ್ದರೇನು, ಬಾವಲಿಗಳೇ ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದವು. ಗಣಿಯ ಬಾವಲಿಗಳೆಲ್ಲ ಮೊದಲಿಗಿಂತ ಹೆಚ್ಚಾಗಿ ಗುಡ್ಡಕ್ಕೆ ಬಂದು, ಬೆಸ ಫ್ಯಾನಿನಿಂದ ತಳ್ಳಿಸಿಕೊಂಡು ಸಮ ಫ್ಯಾನಿನ ರೆಕ್ಕೆಗೆ ಬೀಳುತ್ತಿದ್ದವು. ಎಲ್ಲ ಗುಡ್ಡಗಳಿಗೂ ಸೀಟಿ ಕಟ್ಟಿದರೆ ಊರೂರಿನ ಬಾವಲಿಯನ್ನು ಕರೆಕರೆದು ರೆಕ್ಕೆಗಳ ನಡುವೆ ಬಿಟ್ಟ ಹಾಗೆ. ಒಂದು ಫ್ಯಾನು ತಳ್ಳಿದ್ದು ಮುಂದಿನದಕ್ಕೆ.

ಪಟ್ಟಣಶೆಟ್ಟಿಯವರಿಗೆ ಇದನ್ನು ಹೇಳಲು ಹೋದ. ಅವರು ಅರ್ಧ ಕೇಳಿ ಕನ್ನಡಕ ತೆಗೆದರು. ಸೀಟಿ ತೆಗೆದರೆ ಸಾವು ಇಳಿಯುತ್ತದೋ ನೋಡೋಣ ಎಂಬುದು ಜಿನದತ್ತನ ಕೋರಿಕೆ. ಅಷ್ಟು ದಿನ ಕಾವಲಿಲ್ಲದ ಬೆಸ ಫ್ಯಾನುಗಳನ್ನು ರಾತ್ರಿ ನಿಲ್ಲಿಸಬೇಕಾಗುತ್ತಿತ್ತು.

"ಉಪಾಧ್ಯೆಯವರ, ಪೇಢೆ ತಿಂದವರು ನೀವ," ಎಂದರು ಪಟ್ಟಣಶೆಟ್ಟಿ. "ಈಗ ನಿಮ್ಮ ಮಾತು ಕೇಳಿ ಫ್ಯಾನ್ ನಿಲ್ಲಿಸಿದ್ರ ಮಂದಿ ಏನಂತಾರ? ಹೇಣ್ತಿ ಮುಂದ ಹೋದ್ಲು ಅಂತ ಗಂಡ ಕಾಲ್ ಹಿಡದ ಜಗ್ಗಿದಾ ಅಂತಾರ. ನನ್ನ ಬಾಯಿಲೆ ಯಾಕ ಹೇಳಸ್ತೀರಿ."

ಜಿನದತ್ತ ಹೊರಗೆ ಬಂದ. ಆ ಮಾತಿನಲ್ಲಿ ಸುಳ್ಳೇನಿತ್ತು? ಕಾಲು ಹಿಡಿದು ಜಗ್ಗಬೇಕೆಂದು ಅವನಿಗೆ ಅನಿಸಿತ್ತು. ಅನಿಸಿದವನಿಗೇ ನಿಜವೂ ಕಂಡುಬಿಟ್ಟಿತ್ತು.

ಹೇಳಬೇಕಾದದ್ದು ಹೆಂಡತಿಗೇ. ಮನೆಗೆ ಬಂದಾಗ ತ್ರಿಶಲಾ ದಾಳಿಂಬೆ ಬಣ್ಣದ ಸೀರೆಯ ಮಡಿಕೆ ಬಿಡಿಸಿ ಮಂಚದ ಮೇಲೆ ಹಾಸಿದ್ದಳು. ಕೊನೆಗೂ ಅದನ್ನೇ ಕೊಂಡಿದ್ದಳು. ಈಗ ನೋಡಿದರೆ ಅಷ್ಟೇನೂ ಚೆನ್ನಾಗಿಲ್ಲ ಎಂದಳು. ಜಿನದತ್ತ ನಿಂತೇ ಎಲ್ಲ ಹೇಳಿದ. ಸೀರೆ ಅಂಗಡಿಯಲ್ಲಿ ಹೊಳೆದದ್ದು, ಮೈಕು ಹಿಡಿದ ಕೂಗು, ಬಂದ ದಿಕ್ಕು, ವಾರವಾರದ ಏರಿಕೆ.  ಅವಳು ಸೀರೆಯನ್ನು ಮತ್ತೆ ಮಡಿಚತೊಡಗಿದಳು, ಬಹಳ ನಿಧಾನವಾಗಿ, ಅಂಚಿಗೆ ಅಂಚು ಕೂಡಿಸಿ.

"ಒಂದ ಮಾತ ಕೇಳ್ತೀನಿ, ಖರೇ ಹೇಳ್ರಿ. ಇದನ್ನ ನೀವು ಹೇಳಾಕತ್ತೀರೋ, ನಿಮ್ಮ ಹೊಟ್ಟಿ ಹೇಳಾಕತ್ತೈತೋ?"

"ಎರಡೂ."

ಅವಳು ಮಡಿಚುವುದನ್ನು ನಿಲ್ಲಿಸಿದಳು.

"ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚೈತಿ, ತ್ರಿಶಲಾ. ಮಂದ್ಯಾಗ ಚಪ್ಪಾಳಿ ಹೊಡದಾಗೂ ಇತ್ತು, ಈಗೂ ಐತಿ. ನಾ ಹೊಟ್ಟಿಕಿಚ್ಚಿನ ಮನಷ್ಯಾ ಅಂತ ಬಾವಲಿ ಸಾಯೂದ ಬಿಡೂದಿಲ್ಲ. ನನ್ನ ನಂಬಬ್ಯಾಡ. ಆ ದನಿ ಕೇಳು, ನೀನ ಕೇಳು."

ತ್ರಿಶಲಾ ಅವನು ದನಿ ತುಂಬಿ ತಂದಿದ್ದ ಕಂಪ್ಯೂಟರನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಸಂಜೆ ಇಬ್ಬರೂ ಗುಡ್ಡಕ್ಕೆ ಹೋಗಲಿಲ್ಲ. ಬೆಳಿಗ್ಗೆ ಜಿನದತ್ತ ಚಹಾ ಕಾಸುತ್ತಿದ್ದಾಗ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕಣ್ಣು ಕೆಂಪಾಗಿದ್ದವು.

"ಬೆದರುಬೊಂಬಿ ಮಾಡೇವಿ ಅಂತ ತಿಳಕೊಂಡಿದ್ದೆ," ಎಂದಳು. "ಇದು ದೃಷ್ಟಿಬೊಂಬಿರಿ."

ಜಿನದತ್ತನಿಗೆ ತಕ್ಷಣ ಅರ್ಥವಾಯಿತು. ಎರಡಕ್ಕೂ ಹುಲ್ಲಿನ ಹೊಟ್ಟೆ, ಎರಡಕ್ಕೂ ಮೀಸೆ, ನೋಡಿದರೆ ಅಣ್ಣತಮ್ಮಂದಿರು. ಹೊಲದಲ್ಲಿ ನಿಂತ ಬೆದರುಬೊಂಬೆ ಹಕ್ಕಿಯನ್ನು ಓಡಿಸುತ್ತದೆ. ಕಟ್ಟುತ್ತಿರುವ ಮನೆಗೆ ತೂಗುಹಾಕಿದ ದೃಷ್ಟಿಬೊಂಬೆ ಯಾರನ್ನೂ ಓಡಿಸುವುದಿಲ್ಲ. ಹೊಟ್ಟೆಕಿಚ್ಚಿನ ಕಣ್ಣು ಮನೆಯ ಮೇಲೆ ಬೀಳದಿರಲೆಂದು ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎಳೆಯುವ ಗೊಂಬೆಯನ್ನು ಓಡಿಸುವ ಗೊಂಬೆ ಎಂದುಕೊಂಡು ಅವರು ರೆಕ್ಕೆಯ ತುದಿಗೆ ಕಟ್ಟಿದ್ದರು.

ಪರೀಕ್ಷೆ ಬೇಕೆಂದು ತ್ರಿಶಲಾ ಕೇಳಿದಾಗ ಪಟ್ಟಣಶೆಟ್ಟಿಯವರಿಗೆ ಇಲ್ಲವೆನ್ನಲು ಆಗಲಿಲ್ಲ. ಸೀಟಿ ಅವಳದು. ಧಾರವಾಡದಲ್ಲಿ ಮಾತಾಡುವವಳೂ ಅವಳೇ. ಸೀಟಿಗಳ ಬಾಯಿ ಮುಚ್ಚಿತು, ಬೆಸ ಫ್ಯಾನುಗಳು ಸಂಜೆಯಿಂದ ಬೆಳಗಿನವರೆಗೆ ಅಲುಗದೆ ನಿಂತವು. ಸಮ ಫ್ಯಾನುಗಳ ಬುಡದಲ್ಲಿ ಸಾವು ಇಳಿದರೆ ಜಿನದತ್ತ ಹೇಳಿದ್ದು ಸರಿ. ಇಳಿಯದಿದ್ದರೆ ಅದು ಹೊಟ್ಟೆಯ ಮಾತು.

ಮೊದಲ ದಿನಗಳಲ್ಲಿ ಇಳಿಯಲಿಲ್ಲ. ಫಕೀರವ್ವ ಹಿಂದಿನಷ್ಟೇ ಭಾರದ ಬುಟ್ಟಿ ತಂದು ಮುಂದಿಟ್ಟಳು. ಈ ಸಲ ಚೇಷ್ಟೆ ಮಾಡಲಿಲ್ಲ.  ಒಬ್ಬ ಹೆಂಗಸಿನ ಇಷ್ಟು ವರ್ಷದ ಕೆಲಸವನ್ನು ಒಂದು ಸೀರೆ ಅಂಗಡಿಯ ಜಗಳ ನೋಡಿ ಹಾಳುಮಾಡಿದೆನೇ ಎಂದು ಜಿನದತ್ತ ತನ್ನನ್ನೇ ಬೈದುಕೊಂಡ. ಇನ್ನೊಂದು ಯೋಚನೆ ಅದಕ್ಕಿಂತ ಕೀಳಾಗಿತ್ತು: ಬುಟ್ಟಿ ಹಗುರಾಗಲಿ ಎಂದು ಬಯಸುವುದು ಬಾವಲಿಗಾಗಿಯೋ ತನಗಾಗಿಯೋ, ಅವನಿಗೆ ಗೊತ್ತಾಗುತ್ತಿರಲಿಲ್ಲ. ತ್ರಿಶಲಾ ಮಾತ್ರ ಚಡಪಡಿಸಲಿಲ್ಲ. ಜಾಗದ ರುಚಿ ಹತ್ತಿದ ಬಾವಲಿ ಒಂದೇ ಸಂಜೆಗೆ ಬಿಡುವುದಿಲ್ಲ, ಕಾಯಬೇಕು ಎಂದಷ್ಟೇ ಹೇಳಿದಳು. ಕಾದರು. ಎರಡನೆಯ ವಾರ ಮೈಕುಗಳಲ್ಲಿ ಹೊಟ್ಟೆಕಿಚ್ಚಿನ ಕೂಗು ತೆಳುವಾಯಿತು. ಅದರ ಬೆನ್ನಿಗೇ ಬುಟ್ಟಿಯೂ ಹಗುರಾಯಿತು. ಸಮಿತಿ ಕೂರುವ ಹೊತ್ತಿಗೆ ಸಾವು ಹಿಂದಿನ ವರ್ಷದ ಮಟ್ಟಕ್ಕೆ ಇಳಿದಿತ್ತು.

ಧಾರವಾಡದ ಸಭೆಯಲ್ಲಿ ತ್ರಿಶಲಾ ದಾಳಿಂಬೆ ಸೀರೆ ಉಟ್ಟು ಎದ್ದು ನಿಂತು, ತನ್ನ ಸೀಟಿಯನ್ನು ಯಾವ ಫ್ಯಾನಿಗೂ ಕಟ್ಟಬಾರದು ಎಂದು ಮಾತು ಶುರು ಮಾಡಿದಳು. ಕುರ್ಚಿಗಳು ಕಿರುಗುಟ್ಟಿದವು. ಅವಳು ಅಂಕಿಗಳನ್ನು ಒಂದೊಂದಾಗಿ ಮುಂದಿಟ್ಟಳು. ಇದನ್ನು ಮೊದಲು ಕಂಡವರು ಜಿನದತ್ತ ಉಪಾಧ್ಯೆ, ತಾನಲ್ಲ ಎಂದು ಎರಡು ಸಲ ಹೇಳಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಜಿನದತ್ತನ ಕಡೆಗೆ ಎಲ್ಲರೂ ತಿರುಗಿದರು. ಇಂಥ ಗಳಿಗೆಯಲ್ಲಿ ಮನಸ್ಸು ಹಗುರಾಗಬೇಕು ಎಂದು ಅವನೂ ಕೇಳಿ ಬಲ್ಲ. ಅವನು ಹಗುರಾಗಲು ಕಾಯುತ್ತ ಕೂತ.

ತ್ರಿಶಲಾ ಮುಗಿಸಿರಲಿಲ್ಲ. ಸೀಟಿ ಎಳೆಯುವ ವಸ್ತು ಎಂದಾದರೆ ಎಳೆಯುವ ಕೆಲಸಕ್ಕೇ ಅದನ್ನು ಹಚ್ಚೋಣ ಎಂದಳು. ಫ್ಯಾನಿನಿಂದ ಕಿತ್ತು, ಗುಡ್ಡದ ಕೆಳಗೆ, ಗಣಿಗೆ ಹತ್ತಿರ, ಹಳ್ಳದ ಪೊದೆಗಳಲ್ಲಿ ಪತಂಗ ನಿಜವಾಗಿಯೂ ಹೇರಳವಾಗಿರುವ ಕಡೆ ಬರಿಯ ಕಂಬಗಳಿಗೆ ಕಟ್ಟೋಣ. ಬಾವಲಿಗಳು ಹಳ್ಳಕ್ಕೆ ಕೂಡಿಕೊಳ್ಳಲಿ, ಮೇಲೆ ತಪ್ಪಿ ಬಂದ ಒಂದೆರಡಕ್ಕೆ ಜಿನದತ್ತರ ಕಿವಿ ಇದ್ದೇ ಇದೆ. ಮೊದಲು ಒಂದೇ ಗುಡ್ಡದಲ್ಲಿ, ಚಿಕ್ಕದಾಗಿ ನೋಡೋಣ. ಸಮಿತಿಯವರು ಮುಂದಕ್ಕೆ ಬಾಗಿ ಕೂತರು. ಒಬ್ಬರ ಮೇಲೊಬ್ಬರು ಪ್ರಶ್ನೆ ಕೇಳತೊಡಗಿದರು. ಹಿಂದಕ್ಕೆ ತಿರುಗಿದ್ದ ತಲೆಗಳೆಲ್ಲ ಮತ್ತೆ ಮುಂದಕ್ಕೆ ತಿರುಗಿದವು.

ಕಂಬದ ವಿಚಾರ ಜಿನದತ್ತನಿಗೆ ಗೊತ್ತೇ ಇರಲಿಲ್ಲ. ಒಂದು ತಿಂಗಳಿಂದ ಎದುರುಬದುರು ಕೂತು ಉಂಡವರು, ಒಂದು ಮಾತು ಹೇಳಿರಲಿಲ್ಲ. ಎಷ್ಟು ಸರಳ, ಎಷ್ಟು ಚೆಂದದ ಉಪಾಯ ಎಂದುಕೊಂಡ. ಎಂದುಕೊಂಡೊಡನೆ ಪಕ್ಕೆಲುಬಿನ ಕೆಳಗೆ ಅದೇ ಜಾಗದಲ್ಲಿ ಅದೇ ಉರಿ ಹೊತ್ತಿತು. ಸರಿ ಎನಿಸಿಕೊಂಡರೆ ಅದು ಆರುತ್ತದೆ ಎಂದು ತಿಳಿದಿದ್ದ. ಸರಿ ಎನಿಸಿಕೊಳ್ಳುವುದಕ್ಕೂ ಈ ಉರಿಗೂ ಸಂಬಂಧವೇ ಇರಲಿಲ್ಲ.

ವಾಪಸು ಬರುವಾಗ ಕಾರು ಅಣ್ಣಿಗೇರಿ ದಾಟಿತು. ಎರಡೂ ಕಡೆ ಎರೆಹೊಲ, ಕಡಲೆಯ ಬೆಳೆ. ತ್ರಿಶಲಾ ಸೆರಗಿನಿಂದ ಮುಖ ಒರೆಸಿಕೊಂಡು, ಈಗರ ಸಮಾಧಾನ ಆತೇನು ಎಂದು ಕೇಳಿದಳು.

"ಇಲ್ಲ," ಎಂದ ಜಿನದತ್ತ. "ಕಂಬದ ಮಾತು ನನಗ ಯಾಕ ಹೇಳಲಿಲ್ಲ?"

ಅವಳು ಕಿಟಕಿಯ ಕಡೆ ಮುಖ ಮಾಡಿದಳು. 

"ಹೇಳಿದ್ರ ಅದನ್ನೂ ನೀವ ಮೊದಲ ಹೇಳಿಬಿಡ್ತಿದ್ರಿ ಅಂತ," ಎಂದಳು. "ನೀವು ಆ ದನಿ ತಂದು ಕೊಟ್ರೆಲ್ಲ, ರಾತ್ರಿಯೆಲ್ಲ ಕೇಳಿದೆ. ನನ್ನ ಸೀಟಿ ಹಾಳಾತು ಅಂತ ಅತ್ತಿದ್ದಲ್ಲ ನಾ. ಹತ್ತು ವರ್ಷದಿಂದ ಆ ಬಾವಲಿ ಕೂಡ ಕುಂತಾಕಿ ನಾನು. ಬಟ್ಟಿ ಅಂಗಡ್ಯಾಗ ಸ್ಟೂಲ್ ಮ್ಯಾಲ ಕುಂತ ಮನಷ್ಯಾಗ ಕಂಡಿದ್ದು ನನಗ ಕಾಣಲಿಲ್ಲಲ್ಲ ಅಂತ ಹೊಟ್ಟಿ ಉರದಿತ್ತು. ಇನ್ನೂ ಉರಿಯಾಕತ್ತೈತಿ."

ಜಿನದತ್ತ ಗಾಡಿಯ ವೇಗ ಇಳಿಸಿದ. ಹಿಂದಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಅದರ ಸದ್ದು ಪೂರ್ತಿ ದೂರವಾಗುವವರೆಗೆ ಕಾದ.

"ಹೊಟ್ಟಿ ಉರೀತಂದೆಲ್ಲ, ಇನ್ನೊಮ್ಮೆ ಹೇಳು," ಎಂದ.